ಬಂಜೆ ಎಂಬ ಮಾತು ಮತ್ತು ಪರೀಕ್ಷೆಯ ಚರಿತ್ರೆ

ಕನ್ನಡದಲ್ಲಿ ‘ಬಂಜೆ’ ಎಂಬ ಪದವಿದೆ. ಗಂಡಸಿಗೆ ಅನ್ವಯಿಸುವ, ಅಷ್ಟೇ ದಿನಬಳಕೆಯ, ಅಷ್ಟೇ ಆಳವಾಗಿ ಚುಚ್ಚುವ ಜೋಡಿ ಪದವನ್ನು ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಗಂಡಸನ್ನು ಹೀಯಾಳಿಸುವ ಬೈಗುಳಗಳೇನೋ ಇವೆ. ಅವು ಹೇಳುವ ಕೊರತೆಯೇ ಬೇರೆ. ಮಕ್ಕಳಾಗದ ಮನೆಯಲ್ಲಿ ಹೆಸರು ಅಂಟಿಕೊಳ್ಳುವುದು ಹೆಂಗಸಿಗೆ ಮಾತ್ರ. ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ಸೀಮಂತಕ್ಕೆ ಕರೆಯುವವರ ಕೈ ತಡೆಯುತ್ತದೆ, ತೊಟ್ಟಿಲ ಶಾಸ್ತ್ರದಲ್ಲಿ ಅವಳು ಹಿಂದೆ ನಿಲ್ಲಬೇಕಾಗುತ್ತದೆ. ಇದರಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದವಿಲ್ಲ.

ಈ ತೀರ್ಪು ಕೊಡುವ ಮೊದಲು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ? ಮಾಡಿದ್ದರೆ ಯಾರನ್ನು? ಎಲ್ಲಿ? ಯಾವ ವಿಧಾನದಿಂದ?

ಶಿವಮೊಗ್ಗ ನಗರದ ಆಲ್ಕೊಳದಂತಹ ಬಡಾವಣೆಯಲ್ಲಿ ಇಂದು ಈ ಪ್ರಶ್ನೆಗೆ ಎರಡು ದಾರಿಗಳಿವೆ. ಒಂದು ಮನೆಯ ಹತ್ತಿರದ ಔಷಧ ಅಂಗಡಿಯದು. ಅಲ್ಲಿ ನೂರು ರೂಪಾಯಿಯೊಳಗೆ ಗರ್ಭಧಾರಣೆಯ ಪರೀಕ್ಷಾ ಕಿಟ್ ಸಿಗುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೆ ಅಂಡ ಬಿಡುಗಡೆಯ ದಿನವನ್ನು ಸೂಚಿಸುವ ಕಿಟ್ ಕೂಡ ಸಿಗುತ್ತದೆ. ಅಂಗಡಿಯವನು ಅದನ್ನು ಕಾಗದದಲ್ಲಿ ಸುತ್ತಿ, ಮುಖ ನೋಡದೆ ಕೈಗಿಡುತ್ತಾನೆ. ಇನ್ನೊಂದು ದಾರಿ ಸಾಗರ ರಸ್ತೆಯಲ್ಲೇ ಪೇಟೆಯ ಕಡೆಗೆ ಬಂದು ಮೆಗ್ಗಾನ್ ಆಸ್ಪತ್ರೆಯನ್ನೋ ಖಾಸಗಿ ಚಿಕಿತ್ಸಾಲಯವೊಂದನ್ನೋ ಹೊಕ್ಕುವುದು. ಅಲ್ಲಿ ಸರತಿ ಸಾಲಿದೆ, ಖರ್ಚಿದೆ, ಪರಿಚಯದವರು ಕಂಡಾರೆಂಬ ಅಂಜಿಕೆಯಿದೆ. ಜೊತೆಗೆ ಗಂಡನನ್ನೂ ಕರೆದುಕೊಂಡು ಹೋಗಬೇಕೆಂಬ, ಎಲ್ಲಕ್ಕಿಂತ ಕಷ್ಟದ ಕೆಲಸವಿದೆ. ಹೀಗಾಗಿ ಅನೇಕ ಹೆಣ್ಣುಮಕ್ಕಳು ಮೊದಲ ದಾರಿಯಲ್ಲೇ ವರ್ಷಗಟ್ಟಲೆ ನಡೆಯುತ್ತಾರೆ. ಈ ಎರಡು ದಾರಿಗಳು ಹೇಗೆ ಹುಟ್ಟಿದವು ಎಂದು ತಿಳಿದರೆ, ಯಾವುದು ಎಲ್ಲಿಯವರೆಗೆ ಒಯ್ಯುತ್ತದೆ ಎಂಬುದೂ ತಿಳಿಯುತ್ತದೆ.

ಗೋಧಿ, ಜವೆಗೋಧಿ, ಈರುಳ್ಳಿ

ಮನೆಯಲ್ಲೇ ಮಾಡುವ ಪರೀಕ್ಷೆ ಹೊಸದೇನಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಈಜಿಪ್ಟಿನ ಪಪೈರಸ್ ಬರಹಗಳಲ್ಲಿ ಅದರ ಉಲ್ಲೇಖವಿದೆ. ಹೆಂಗಸು ಗೋಧಿ ಮತ್ತು ಜವೆಗೋಧಿಯ ಕಾಳುಗಳ ಮೇಲೆ ದಿನವೂ ಮೂತ್ರ ಹಾಕಬೇಕು. ಕಾಳು ಮೊಳೆತರೆ ಅವಳು ಗರ್ಭಿಣಿ. ಯಾವ ಕಾಳು ಮೊಳೆಯಿತೆಂಬುದರಿಂದ ಗಂಡೋ ಹೆಣ್ಣೋ ಎಂದೂ ಹೇಳುತ್ತಿದ್ದರು. 1963ರಲ್ಲಿ ಈಜಿಪ್ಟಿನ ಸಂಶೋಧಕರು ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಗರ್ಭಿಣಿಯರ ಮೂತ್ರ ಬಿದ್ದ ಕಾಳುಗಳು ಶೇಕಡಾ 70ರಷ್ಟು ಸಂದರ್ಭಗಳಲ್ಲಿ ಮೊಳೆತವು. ಗಂಡಸರ ಮತ್ತು ಗರ್ಭಿಣಿಯರಲ್ಲದವರ ಮೂತ್ರ ಬಿದ್ದವು ಮೊಳೆಯಲಿಲ್ಲ. ಮಗು ಗಂಡೋ ಹೆಣ್ಣೋ ಎಂಬ ಭಾಗ ಮಾತ್ರ ಸುಳ್ಳಾಯಿತು.

ಗರ್ಭ ನಿಲ್ಲುವ ಶಕ್ತಿಯುಂಟೇ ಎಂದು ತಿಳಿಯಲು ಈರುಳ್ಳಿ, ಬೆಳ್ಳುಳ್ಳಿಗಳ ಪರೀಕ್ಷೆಯಿತ್ತು. ರಾತ್ರಿ ಜನನಾಂಗದಲ್ಲಿಟ್ಟ ಬೆಳ್ಳುಳ್ಳಿಯ ವಾಸನೆ ಬೆಳಿಗ್ಗೆ ಬಾಯಿಯಲ್ಲಿ ಬಂದರೆ ಒಳಗಿನ ‘ದಾರಿ’ ತೆರೆದಿದೆಯೆಂದು ಅರ್ಥ. ನಮಗೆ ನಗು ಬರಬಹುದು. ಆದರೆ ದಾರಿ ಮುಚ್ಚಿದ್ದರೆ ಗರ್ಭ ಕಟ್ಟದು ಎಂಬ ಊಹೆ ಇದರ ಹಿಂದಿದೆ. ಇಂದು ಗರ್ಭನಾಳಕ್ಕೆ ಬಣ್ಣದ್ರವ ಹಾಯಿಸಿ ಕ್ಷಕಿರಣದಲ್ಲಿ ನೋಡುವಾಗ ವೈದ್ಯರು ಕೇಳುವುದೂ ಇದೇ ಪ್ರಶ್ನೆಯನ್ನೇ.

ಹಳಬರೆಲ್ಲ ಹೆಂಗಸನ್ನೇ ದೂರಿದರು ಎಂದೂ ಹೇಳುವಂತಿಲ್ಲ. ಗರ್ಭಧಾರಣೆಗೆ ಋತು, ಕ್ಷೇತ್ರ, ಅಂಬು, ಬೀಜ ಈ ನಾಲ್ಕೂ ಕೂಡಿಬರಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಕ್ಷೇತ್ರವೊಂದನ್ನೇ ಅದು ಎಣಿಸಲಿಲ್ಲ. 11ನೇ ಶತಮಾನದ ಇಬ್ನ್ ಸೀನಾ ತಮ್ಮ ವೈದ್ಯ ಗ್ರಂಥದಲ್ಲಿ ಸಂತಾನಹೀನತೆಯ ಕಾರಣ ಗಂಡಿನಲ್ಲೂ ಇರಬಹುದು, ಹೆಣ್ಣಿನಲ್ಲೂ ಇರಬಹುದೆಂದು ವಿವರಿಸಿದರು. ಮಧ್ಯಯುಗದ ಇಟಲಿಯ ವೈದ್ಯ ಪರಂಪರೆಯಲ್ಲಿ ಗಂಡ ಹೆಂಡಿರ ಮೂತ್ರವನ್ನು ತೌಡು ತುಂಬಿದ ಎರಡು ಬೇರೆ ಬೇರೆ ಮಡಕೆಗಳಲ್ಲಿ ಹಾಕಿಡುತ್ತಿದ್ದರು. ಹುಳು ಕಂಡ ಮಡಕೆ ಯಾರದೋ ದೋಷ ಅವರದು. ವಿಧಾನ ತಪ್ಪು, ಆದರೆ ಮಡಕೆ ಎರಡಿದ್ದವು ಎಂಬುದನ್ನು ಗಮನಿಸಬೇಕು. ಎರಡನೆಯ ಮಡಕೆ ನಮ್ಮ ಮನೆಗಳಿಂದ ಯಾವಾಗ ಕಾಣೆಯಾಯಿತೋ!

ಇಲಿ, ಮೊಲ, ಕಪ್ಪೆ

ಇಪ್ಪತ್ತನೇ ಶತಮಾನದಲ್ಲಿ ಪರೀಕ್ಷೆ ಮನೆ ಬಿಟ್ಟು ಪ್ರಯೋಗಾಲಯ ಸೇರಿತು. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವಿಜ್ಞಾನಿಗಳು ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿದರೆ ಅವುಗಳ ಅಂಡಾಶಯ ಹಿಗ್ಗುತ್ತದೆ ಎಂದು ತೋರಿಸಿದರು. 1931ರಲ್ಲಿ ಅಮೆರಿಕದ ಫ್ರೀಡ್‌ಮನ್ ಇಲಿಯ ಬದಲು ಮೊಲವನ್ನು ಬಳಸಿದರು. ಫಲಿತಾಂಶ ನೋಡಬೇಕಾದರೆ ಪ್ರಾಣಿಯನ್ನು ಕೊಯ್ಯಲೇಬೇಕಿತ್ತು. 1930ರ ದಶಕದಲ್ಲಿ ಹಾಗ್‌ಬೆನ್ ದಕ್ಷಿಣ ಆಫ್ರಿಕಾದ ಒಂದು ಜಾತಿಯ ಕಪ್ಪೆಯನ್ನು ಬಳಕೆಗೆ ತಂದರು. ಚುಚ್ಚುಮದ್ದು ಕೊಟ್ಟ ಕಪ್ಪೆ ಒಂದು ದಿನದೊಳಗೆ ಮೊಟ್ಟೆ ಇಟ್ಟರೆ ಹೆಂಗಸು ಗರ್ಭಿಣಿ. ಕಪ್ಪೆ ಸಾಯುತ್ತಿರಲಿಲ್ಲ, ಮತ್ತೆ ಬಳಸಬಹುದಿತ್ತು.

ಅಂಡ ಬಿಡುಗಡೆಯ ಗುಟ್ಟು ತಿಳಿದದ್ದೂ ಇದೇ ಕಾಲದಲ್ಲಿ. 1920ರ ದಶಕದಲ್ಲಿ ಜಪಾನಿನ ಓಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ ಬೇರೆ ಬೇರೆಯಾಗಿ ಒಂದೇ ಸತ್ಯ ಕಂಡುಕೊಂಡರು: ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಅಂಡ ಬಿಡುಗಡೆಯಾಗುತ್ತದೆ. ಅದಕ್ಕೂ ಮೊದಲು ಮುಟ್ಟಿನ ಆಸುಪಾಸಿನ ದಿನಗಳೇ ಫಲವತ್ತಾದವು ಎಂದು ದೊಡ್ಡ ವೈದ್ಯರೇ ನಂಬಿದ್ದರು. ಅವರ ಸಲಹೆ ಕೇಳಿ ಎಷ್ಟು ದಂಪತಿಗಳು ತಪ್ಪು ದಿನಗಳನ್ನು ಎಣಿಸಿದರೋ!

ಮೈಸೂರು ಸಂಸ್ಥಾನದಿಂದ ರಾಮನಗರದ ಮಣಿಸರಕ್ಕೆ

ಇನ್ನು ನಮ್ಮ ನಾಡಿಗೆ ಬರೋಣ. 1930ರಲ್ಲಿ ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೇ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವೇ ಜಗತ್ತಿನ ಮೊದಲನೆಯವು ಎಂದು ಚರಿತ್ರೆಕಾರರು ಗುರುತಿಸುತ್ತಾರೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ್ದ ಸಂಸ್ಥಾನ, ಏಳು ವರ್ಷಗಳಲ್ಲಿ ಮನೆಯೊಳಗಿನ ಜನನದ ಲೆಕ್ಕಕ್ಕೂ ಯೋಜನೆ ಹಾಕಿತ್ತು.

ಸ್ವಾತಂತ್ರ್ಯಾನಂತರ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕೃತಕ ಸಾಧನಗಳಿಗೆ ಒಲವು ತೋರಲಿಲ್ಲ. ದಿನಗಳನ್ನು ಎಣಿಸುವ ವಿಧಾನವನ್ನೇ ಅವರು ಬಯಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ 1951ರಲ್ಲಿ ಭಾರತಕ್ಕೆ ಬಂದರು. ಪ್ರಯೋಗಕ್ಕೆ ಎರಡು ಸ್ಥಳಗಳು ಆಯ್ಕೆಯಾದವು: ದೆಹಲಿಯ ಲೋದಿ ಕಾಲನಿ ಮತ್ತು ಮೈಸೂರು ರಾಜ್ಯದ ರಾಮನಗರ. ಓದು ಬರಹ ಬಾರದ ಹೆಂಗಸರು ಫಲವತ್ತಾದ ದಿನಗಳನ್ನು ಗುರುತಿಸಲೆಂದು ಬಣ್ಣಬಣ್ಣದ ಮಣಿಗಳ ಸರ ತಯಾರಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದಾಗ ದೂರವಿರಬೇಕು, ಇನ್ನೊಂದು ಬಣ್ಣ ಬಂದಾಗ ಭಯವಿಲ್ಲ.

ಇಂದಿನ ಅಂಡ ಬಿಡುಗಡೆಯ ಕಿಟ್‌ಗೆ ಕನ್ನಡ ನೆಲದಲ್ಲಿ ಒಬ್ಬ ಅಜ್ಜಿ ಇದ್ದರೆ ಅದು ಈ ಮಣಿಸರವೇ. ಅದು ನಿರೀಕ್ಷಿಸಿದ ಫಲ ಕೊಡಲಿಲ್ಲ. ಮಣಿ ಸರಿಸಲು ಮರೆಯುವುದು, ಸರವನ್ನು ಎಲ್ಲರೆದುರು ಹಾಕಿಕೊಳ್ಳಲು ನಾಚುವುದು, ಸರ ಧರಿಸಿದರೇ ಸಾಕೆಂದು ತಾಯಿತದಂತೆ ನಂಬುವುದು ಹೀಗೆ ಅನೇಕ ತೊಡಕುಗಳನ್ನು ಆ ಪ್ರಯೋಗದ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಎಲ್ಲ ಹೆಂಗಸರ ಋತುಚಕ್ರ ಒಂದೇ ಅಳತೆಯದಲ್ಲ. ಒಬ್ಬಳಿಗೆ 26 ದಿನ, ಇನ್ನೊಬ್ಬಳಿಗೆ 34. ಅದೇ ಹೆಂಗಸಿಗೆ ಈ ತಿಂಗಳಿದ್ದಂತೆ ಮುಂದಿನ ತಿಂಗಳಿರದು. ಸರದ ಮಣಿಗಳ ಸಂಖ್ಯೆ ಮಾತ್ರ ಬದಲಾಗದು. ಸುಮಾರು ಐದು ದಶಕಗಳ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಮಣಿಸರವನ್ನು ಮತ್ತೆ ಬಳಕೆಗೆ ತಂದರು. ಆಗ ಅವರು ಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಎಂಬ ಕಟ್ಟುಪಾಡನ್ನು ಮೊದಲೇ ಹಾಕಿದರು.

ಇಲ್ಲಿ ಇನ್ನೊಂದು ವಿಪರ್ಯಾಸವಿದೆ. ಭಾರತ 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆಯನ್ನು ಆರಂಭಿಸಿತು. ಮಕ್ಕಳು ಬೇಡವೆನ್ನುವವರಿಗೂ ಬೇಕೆನ್ನುವವರಿಗೂ ಬೇಕಾದ ಜ್ಞಾನ ಒಂದೇ, ಯಾವ ದಿನ ಫಲವತ್ತು ಎಂಬುದು. ಸರಕಾರದ ಗೋಡೆಬರಹ, ಶಿಬಿರ, ಹಣ ಎಲ್ಲವೂ ಹೆಚ್ಚಾಗಿ ಮೊದಲನೆಯವರ ಕಡೆ ಹರಿಯಿತು. ‘ನಾವಿಬ್ಬರು ನಮಗಿಬ್ಬರು’ ಎಂದು ಗೋಡೆಯ ಮೇಲೆ ಬರೆದಿದ್ದ ಊರಿನಲ್ಲೇ ಒಂದೂ ಇಲ್ಲದ ಮನೆಗಳಿದ್ದವು. ಅವರ ಪಾಲಿಗೆ ಉಳಿದದ್ದು ದೇವಸ್ಥಾನ, ದರ್ಗಾ, ನಾಟಿ ಔಷಧಿ. ಆಮೇಲೆ ಬಂದ ಬಂಜೆತನದ ಚಿಕಿತ್ಸೆಯೂ ಬಹುಪಾಲು ಖಾಸಗಿಯವರ ಕೈಯಲ್ಲೇ ಬೆಳೆಯಿತು. ಅದು ದುಬಾರಿಯಾಗಲು ಇದೂ ಒಂದು ಕಾರಣ.

ಒಂದು ಡಾಲರಿನ ಕಿಟ್

1960ರಲ್ಲಿ ಸ್ವೀಡನ್ನಿನ ವೈಡ್ ಮತ್ತು ಜೆಮ್‌ಜೆಲ್ ಪ್ರಾಣಿಗಳ ಅಗತ್ಯವಿಲ್ಲದೆ ನಳಿಕೆಯಲ್ಲೇ ಗರ್ಭವನ್ನು ಪತ್ತೆಹಚ್ಚುವ ವಿಧಾನ ರೂಪಿಸಿದರು. ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನು ಇದೆಯೇ ಎಂದು ಅದು ಹೇಳುತ್ತಿತ್ತು. ಆದರೂ ನಳಿಕೆ ಪ್ರಯೋಗಾಲಯದಲ್ಲೇ ಇತ್ತು. ಹೆಂಗಸು ವೈದ್ಯರ ಬಳಿ ಹೋಗಬೇಕು, ಅವರು ಮಾದರಿ ಕಳುಹಿಸಬೇಕು, ಉತ್ತರಕ್ಕೆ ದಿನಗಟ್ಟಲೆ ಕಾಯಬೇಕು.

1967ರಲ್ಲಿ ಮಾರ್ಗರೆಟ್ ಕ್ರೇನ್ ಎಂಬ ಯುವತಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ಗನಾನ್ ಎಂಬ ಔಷಧ ಕಂಪೆನಿಯಲ್ಲಿ ವಿನ್ಯಾಸಕಿಯಾಗಿದ್ದರು. ಪ್ರಯೋಗಾಲಯದಲ್ಲಿ ಕನ್ನಡಿಯ ಮೇಲೆ ಸಾಲಾಗಿ ತೂಗುತ್ತಿದ್ದ ನಳಿಕೆಗಳನ್ನು ಅವರು ಕಂಡರು. ಕನ್ನಡಿಯಲ್ಲಿ ಕಾಣುವ ಕೆಂಪು ಉಂಗುರವೇ ಉತ್ತರ ಎಂದು ತಿಳಿದಾಗ, ಇಷ್ಟು ಸರಳವಾದುದನ್ನು ಹೆಂಗಸು ಮನೆಯಲ್ಲೇ ಏಕೆ ಮಾಡಬಾರದು ಎಂದು ಅವರಿಗೆ ಹೊಳೆಯಿತು. ಮೇಜಿನ ಮೇಲಿದ್ದ ಕ್ಲಿಪ್ಪುಗಳ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ಮಾದರಿ ತಯಾರಿಸಿದರು. ಕಂಪೆನಿಗೆ ಮೊದಲು ಅದು ರುಚಿಸಲಿಲ್ಲ. ವೈದ್ಯರು ಮುನಿಸಿಕೊಂಡರೆ ವ್ಯಾಪಾರ ಹೋಗುತ್ತದೆಂಬ ಭಯ ಒಂದು ಕಡೆ, ಫಲಿತಾಂಶ ಕಂಡ ಹೆಂಗಸು ಒಬ್ಬಳೇ ಇದ್ದರೆ ಏನು ಮಾಡಿಕೊಂಡಾಳೋ ಎಂಬ ಭಯ ಇನ್ನೊಂದು ಕಡೆ. ಕ್ರೇನ್ ಒಂದು ಡಾಲರಿಗೆ ತಮ್ಮ ಹಕ್ಕನ್ನು ಬರೆದುಕೊಟ್ಟರು. ಕಿಟ್ 1971ರಲ್ಲಿ ಕೆನಡಾದಲ್ಲಿ ಮಾರಾಟಕ್ಕೆ ಬಂತು. ಅಮೆರಿಕದ ಅಂಗಡಿಗಳಿಗೆ ಮನೆ ಪರೀಕ್ಷೆ ಬರಲು 1970ರ ದಶಕದ ಕೊನೆಯೇ ಆಯಿತು.

1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಅದಕ್ಕೆ 1984ರಲ್ಲಿ ನೊಬೆಲ್ ಬಂತು. ಈ ವಿದ್ಯೆಯಿಂದ ಕಿಟ್ ಕಡ್ಡಿಯಷ್ಟು ಚಿಕ್ಕದಾಯಿತು, ಕಾಯುವ ಹೊತ್ತು ನಿಮಿಷಗಳಿಗೆ ಇಳಿಯಿತು. 1988ರಲ್ಲಿ ಬ್ರಿಟನ್ನಿನಲ್ಲಿ ಒಂದೇ ಹಂತದ ಕಡ್ಡಿ ಬಂತು. ಅಂಡ ಬಿಡುಗಡೆಗೆ ಮುಂಚೆ ಏರುವ ಎಲ್‌ಎಚ್ ಹಾರ್ಮೋನನ್ನು ಗುರುತಿಸುವ ಮನೆ ಕಿಟ್‌ಗಳೂ ಅದೇ ಸುಮಾರಿಗೆ ಬಂದವು.

ಭಾರತದ ಹಳ್ಳಿಗಳಿಗೆ ಈ ಕಡ್ಡಿಯನ್ನು ತಲುಪಿಸಿದ್ದು ಆಶಾ ಕಾರ್ಯಕರ್ತೆಯರು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ 2008ರಿಂದ ‘ನಿಶ್ಚಯ್’ ಎಂಬ ಗರ್ಭಧಾರಣಾ ಪರೀಕ್ಷಾ ಕಿಟ್ ಅವರ ಚೀಲ ಸೇರಿತು. ಇದರಲ್ಲೊಂದು ಜಾಣತನವಿದೆ. ಕಿಟ್ ಮನೆಗೆ ಬಂತು, ಆದರೆ ಒಂಟಿಯಾಗಿ ಬರಲಿಲ್ಲ. ಎರಡು ಗೆರೆ ಮೂಡಿದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವ ಹೆಂಗಸೊಬ್ಬಳು ಜೊತೆಗೆ ಬಂದಳು.

ಗಂಡಸಿನ ಸರದಿ

ಹೆಂಗಸಿನ ಪರೀಕ್ಷೆಗೆ ಇಷ್ಟು ದೀರ್ಘ ಚರಿತ್ರೆಯಿದ್ದರೆ ಗಂಡಸಿನದೇನು? ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡದ್ದು 1677ರಲ್ಲಿ. ಅವುಗಳನ್ನು ಎಣಿಸಿ ಗರ್ಭಧಾರಣೆಯೊಡನೆ ಹೋಲಿಸಿದ ಮೇಕಂಬರ್ ಮತ್ತು ಸ್ಯಾಂಡರ್ಸ್ ಅವರ ಅಧ್ಯಯನ ಪ್ರಕಟವಾದದ್ದು 1929ರಲ್ಲಿ. ಕಂಡುದಕ್ಕೂ ಎಣಿಸಿದ್ದಕ್ಕೂ ನಡುವೆ 250 ವರ್ಷಗಳು ಉರುಳಿದವು. ಜಗತ್ತಿನ ಪ್ರಯೋಗಾಲಯಗಳು ಒಂದೇ ರೀತಿಯಲ್ಲಿ ಎಣಿಸಲೆಂದು ವಿಶ್ವ ಆರೋಗ್ಯ ಸಂಸ್ಥೆ ಕೈಪಿಡಿ ಹೊರಡಿಸಿದ್ದು 1980ರಲ್ಲಿ. ಅದರ ಆರನೆಯ ಆವೃತ್ತಿ 2021ರಲ್ಲಿ ಬಂದಿದೆ. ಅದರಂತೆ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಕೆಳಗಿನ ಮಿತಿ. ಒಂದು ವರ್ಷದೊಳಗೆ ತಂದೆಯಾಗುವ ದಾರಿ ಹಿಡಿದ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ಅತಿ ಕಡಿಮೆಯ ಶೇಕಡಾ 5 ಮಂದಿಯನ್ನು ಬೇರ್ಪಡಿಸುವ ಗೆರೆಯಿದು. ಗೆರೆಯ ಕೆಳಗಿದ್ದವನಿಗೆ ಮಕ್ಕಳೇ ಆಗವು ಎಂದಾಗಲಿ, ಮೇಲಿದ್ದವನಿಗೆ ಆಗಿಯೇ ತೀರುತ್ತವೆ ಎಂದಾಗಲಿ ಅರ್ಥವಲ್ಲ.

ಬಂಜೆತನದ ಎಲ್ಲ ತಪಾಸಣೆಗಳಲ್ಲಿ ವೀರ್ಯ ಪರೀಕ್ಷೆಯಷ್ಟು ಸುಲಭವಾದುದು, ನೋವಿಲ್ಲದುದು, ಅಗ್ಗವಾದುದು ಇನ್ನೊಂದಿಲ್ಲ. ಆದರೂ ಹೆಂಡತಿಗೆ ಸ್ಕ್ಯಾನ್, ರಕ್ತ ಪರೀಕ್ಷೆ, ನಾಳದ ಪರೀಕ್ಷೆ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಮುಗಿದ ಮೇಲೆ ಗಂಡ ಒಲ್ಲದ ಮನಸ್ಸಿನಿಂದ ಒಂದು ಡಬ್ಬಿ ಹಿಡಿದು ನಿಲ್ಲುವುದು ನಮ್ಮಲ್ಲಿ ಅಪರೂಪವಲ್ಲ. ಒಮ್ಮೆಯೂ ಪರೀಕ್ಷೆಗೆ ಒಳಗಾಗದೆ ಎರಡನೆಯ ಮದುವೆಯ ಮಾತೆತ್ತುವವರೂ ಇದ್ದಾರೆ. ಎರಡನೆಯವಳಿಗೂ ಮಕ್ಕಳಾಗದಿದ್ದರೆ ಊರಿಗೆ ಇಬ್ಬರು ಬಂಜೆಯರು ಸಿಕ್ಕರು, ಅಷ್ಟೆ!

ಎರಡೂ ದಾರಿಗಳ ಅಳತೆ

ಹಾಗಾದರೆ ಕಿಟ್ ಏನು ಹೇಳುತ್ತದೆ, ಚಿಕಿತ್ಸಾಲಯ ಏನು ಹೇಳುತ್ತದೆ?

ಗರ್ಭದ ಕಿಟ್ ಮುಟ್ಟು ನಿಂತ ಮೇಲೆ, ಸೂಚನೆಯಂತೆ ಬಳಸಿದರೆ ಬಹಳ ಮಟ್ಟಿಗೆ ನಂಬಿಕೆಗೆ ಅರ್ಹ. ಅವಸರಪಟ್ಟು ಮುಂಚೆಯೇ ನೋಡಿದರೆ ಇದ್ದ ಗರ್ಭವನ್ನೂ ಇಲ್ಲವೆನ್ನಬಹುದು. ಗರ್ಭ ಎಲ್ಲಿ ಕಟ್ಟಿದೆಯೆಂದು ಅದಕ್ಕೆ ಗೊತ್ತಿಲ್ಲ. ಗರ್ಭನಾಳದಲ್ಲಿ ಕಟ್ಟಿದ ಗರ್ಭಕ್ಕೂ ಎರಡು ಗೆರೆ ಮೂಡುತ್ತದೆ, ಆ ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಎರಡು ಗೆರೆ ಕಂಡವಳಿಗೂ ಆಸ್ಪತ್ರೆಯ ದಾರಿ ತಪ್ಪಿದ್ದಲ್ಲ.

ಅಂಡ ಬಿಡುಗಡೆಯ ಕಿಟ್ ಎಲ್‌ಎಚ್ ಏರಿದ್ದನ್ನು ಹೇಳುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಅಂಡ ಹೊರಬರುತ್ತದೆ. ಅಂಡದ ಆಯುಷ್ಯ ಒಂದು ದಿನ, ವೀರ್ಯಾಣುವಿನದು ಐದು ದಿನದವರೆಗೆ. ಹೀಗೆ ತಿಂಗಳಲ್ಲಿ ಸುಮಾರು ಆರು ದಿನ ಮಾತ್ರ ಫಲವತ್ತು. ದಿನ ತಿಳಿಯಲು ಕಿಟ್ ಸಹಾಯಕ. ಆದರೆ ಹಾರ್ಮೋನು ಏರಿತೆಂದ ಮಾತ್ರಕ್ಕೆ ಅಂಡ ಹೊರಬಂತೆಂದು ಖಾತ್ರಿಯಿಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆಯಾದ ಪಿಸಿಓಎಸ್ ಇರುವವರಲ್ಲಿ ಕಿಟ್ ದಾರಿ ತಪ್ಪಿಸುವುದುಂಟು. ಅಂಡದ ದಾಸ್ತಾನನ್ನು ಅಳೆಯುವುದಾಗಿ ಹೇಳುವ ಎಎಂಎಚ್ ಪರೀಕ್ಷೆ ಈಗ ಕೆಲವೆಡೆ ಮನೆಗೇ ಬರುತ್ತಿದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೂವತ್ತು ದಾಟಿದ ಮತ್ತು ಬಂಜೆತನದ ಹಿನ್ನೆಲೆಯಿಲ್ಲದ ಹೆಂಗಸರಲ್ಲಿ ಎಎಂಎಚ್ ಕಡಿಮೆಯಿದ್ದವರೂ ಉಳಿದವರಂತೆಯೇ ಸಹಜವಾಗಿ ಗರ್ಭ ಧರಿಸಿದರು. ಅಂಕಿ ನೋಡಿ ಎದೆಯೊಡೆದುಕೊಳ್ಳುವ ಮುನ್ನ ಇದು ನೆನಪಿರಲಿ.

ಮುಚ್ಚಿದ ನಾಳವನ್ನು ಯಾವ ಕಿಟ್ಟೂ ತೋರಿಸಲಾರದು. ನಮ್ಮ ದೇಶದಲ್ಲಿ ನಾಳ ಮುಚ್ಚಲು ಜನನಾಂಗದ ಕ್ಷಯವೂ ಒಂದು ಮುಖ್ಯ ಕಾರಣ. ಅದು ಸದ್ದಿಲ್ಲದೆ ಬರುತ್ತದೆ. ಥೈರಾಯಿಡ್ ತೊಂದರೆ, ಗರ್ಭಕೋಶದ ಗಡ್ಡೆ, ಗಂಡಸಿನ ವೀರ್ಯಾಣುಗಳ ಚಲನೆ ಮತ್ತು ಆಕಾರ ಇವನ್ನೆಲ್ಲ ಚಿಕಿತ್ಸಾಲಯವೇ ನೋಡಬೇಕು. ಗಂಡಸರಿಗಾಗಿ ಬಂದಿರುವ ಮನೆ ಕಿಟ್‌ಗಳಲ್ಲಿ ಹೆಚ್ಚಿನವು ವೀರ್ಯಾಣುಗಳ ಸಂಖ್ಯೆಯ ಸುಳಿವಷ್ಟೇ ಕೊಡುತ್ತವೆ.

ಚಿಕಿತ್ಸಾಲಯವೂ ತಪ್ಪಿಗೆ ಅತೀತವಲ್ಲ. ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ 1978ರ ಅಕ್ಟೋಬರ್ 3ರಂದು ದೇಶದ ಮೊದಲ ಪ್ರನಾಳ ಶಿಶುವಿನ ಜನನವನ್ನು ಸಾಧಿಸಿದರು. ಅಧಿಕಾರಸ್ಥರು ನಂಬಲಿಲ್ಲ. ಅವಮಾನದಿಂದ ನೊಂದ ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ಅವರ ತಂಡಕ್ಕೆ ಮೊದಲಿಗರೆಂಬ ಕೀರ್ತಿ ಬಂತು. ನಂತರ ಬೆಂಗಳೂರಿನಲ್ಲಿ ನೆಲೆಸಿದ ಆನಂದ್ ಕುಮಾರ್, ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮೊದಲಿಗರು ತಾವಲ್ಲ, ಅವರೇ ಎಂದು ಬರೆದರು. ತನಗೆ ಬಂದ ಕೀರ್ತಿಯನ್ನು ಕಾಗದಪತ್ರ ಪರೀಕ್ಷಿಸಿ ಹಿಂದಿರುಗಿಸುವ ಈ ದೊಡ್ಡತನ ವಿರಳ.

ಧಾರ್ಮಿಕ ವಿದ್ವಾಂಸರೂ ಸುಮ್ಮನಿರಲಿಲ್ಲ. ಆಗ ಈಜಿಪ್ಟಿನ ಗ್ರ್ಯಾಂಡ್ ಮುಫ್ತಿಯಾಗಿದ್ದ ಶೇಖ್ ಜಾದುಲ್ ಹಕ್ 1980ರಲ್ಲಿ ಹೊರಡಿಸಿದ ಫತ್ವಾ, ವಿವಾಹಿತ ದಂಪತಿಗಳ ನಡುವೆ, ಮೂರನೆಯವರ ಪಾಲಿಲ್ಲದೆ, ಪ್ರನಾಳ ಚಿಕಿತ್ಸೆಯನ್ನು ಒಪ್ಪಿತು. ಹಾಗಾಗಿ ಆಸ್ಪತ್ರೆಗೆ ಹೋಗದಿರಲು ಧರ್ಮವನ್ನು ನೆಪವಾಗಿಸುವಂತಿಲ್ಲ. ನಮ್ಮ ದೇಶದಲ್ಲಿ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆ 2021ರಲ್ಲಿ ಬಂತು. ಇಂತಹ ಚಿಕಿತ್ಸಾಲಯಗಳು ನೋಂದಣಿ ಮಾಡಿಸಲೇಬೇಕು. ನೋಂದಣಿ ಇದೆಯೇ ಎಂದು ಕೇಳುವುದು ದಂಪತಿಗಳ ಹಕ್ಕು.

ಎರಡನೆಯ ಮಡಕೆ

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬಂಜೆತನವನ್ನು ಎದುರಿಸುತ್ತಾರೆ. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಗಸಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣಬೇಕು. ಕಾಣಬೇಕಾದವರು ಇಬ್ಬರೂ.

ಕಿಟ್ ಹೆಂಗಸಿಗೆ ಒಂದು ಸ್ವಾತಂತ್ರ್ಯ ಕೊಟ್ಟಿತು. ತನ್ನ ದೇಹದ ಸುದ್ದಿಯನ್ನು ಅತ್ತೆಗಿಂತ, ವೈದ್ಯರಿಗಿಂತ ಮೊದಲು ತಾನೇ ತಿಳಿಯುವ ಸ್ವಾತಂತ್ರ್ಯವದು. ಆದರೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ತಿಂಗಳು ತಿಂಗಳೂ ಒಂದೇ ಗೆರೆ ನೋಡುವವಳು ಪರೀಕ್ಷಿಸುತ್ತಿರುವುದು ತನ್ನನ್ನು ಮಾತ್ರ. ಉತ್ತರದ ಅರ್ಧ ಭಾಗ ಬಾಗಿಲಿನ ಹೊರಗೆ ಪತ್ರಿಕೆ ಓದುತ್ತಾ ಕುಳಿತಿರಬಹುದು. ಆಲ್ಕೊಳದ ಔಷಧ ಅಂಗಡಿಯಿಂದ ಸಾಗರ ರಸ್ತೆಯ ಆಸ್ಪತ್ರೆಗೆ ಇರುವ ದೂರ ಹೆಚ್ಚಿಲ್ಲ. ಗಂಡನೂ ಜೊತೆಗೆ ನಡೆದರೆ ಅದು ಇನ್ನೂ ಹತ್ತಿರವಾಗುತ್ತದೆ. ಆ ದಿನ ‘ಬಂಜೆ’ ಎಂಬ ಮಾತನ್ನಾಡುವ ಮೊದಲು ಊರಿನವರ ನಾಲಿಗೆ ಒಂದು ಕ್ಷಣ ತಡೆದೀತು.